ಮೂರು ಸ್ವರ, ಒಂದು ಉಸಿರು

"ಸಾಕು, ನಿಲ್ಲಸು! ನಮ್ಮಪ್ಪಗ ಬರೇ ಮೂರು ಸ್ವರ ಏನು?"

ಅನುಸೂಯಾಳ ಕೂಗಿಗೆ ಬೇವೂರಿನ ಆ ಅಂಗಳವೇ ಬೆಚ್ಚಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಅವಳ ತಂದೆ ಯಮನೂರಪ್ಪನ ದೇಹದ ಮುಂದೆ ಭಜನೆಯವರು ತಾಳ ಹಿಡಿದು ಸುಮ್ಮನೆ ಕುಳಿತಿದ್ದರು. ವಿರುಪಾಕ್ಷಿ ಒಬ್ಬನೇ ಹಾರ್ಮೋನಿಯಂ ನುಡಿಸುತ್ತಿದ್ದ. ಮೂರು ಸ್ವರ... ಆಮೇಲೆ ಮೌನ. ಮತ್ತೆ ಅದೇ ಮೂರು ಸ್ವರ... ಮತ್ತೆ ಮೌನ.

ಸುತ್ತಲಿನ ಊರುಗಳಲ್ಲಿ ಯಾರು ಸತ್ತರೂ ಹೋಗಿ ಕಂಠ ಬಿಚ್ಚಿ ಹಾಡಿದವನು ಯಮನೂರಪ್ಪ. ಅವನಿಗೆ ಒಂದು ಪೂರ್ತಿ ಪದವೂ ಇಲ್ಲವೇ! ಅದೂ ಅವನ ಶಿಷ್ಯನಿಂದ, ಬರುವ ವರ್ಷ ಅವಳ ಕೈ ಹಿಡಿಯಬೇಕಾದವನಿಂದ!

"ಬರದಿದ್ರ ಪೆಟ್ಟಿಗಿ ಮುಚ್ಚು. ಮದಿವಿ ಮಾತೂ ಮುಚ್ಚು!"

ವಿರುಪಾಕ್ಷಿ ಹಾರ್ಮೋನಿಯಂ ಮುಚ್ಚಿ ಎದ್ದು ಹೋದ.

ದುಃಖದಲ್ಲಿ ಬೈಯಲು ಯಾರಾದರೊಬ್ಬರು ಬೇಕಾಗುತ್ತಾರೆ. ಹತ್ತಿರದವರೇ ಕೈಗೆ ಸಿಗುತ್ತಾರೆ.

ಅನುಸೂಯಾ ಗಂಗಾವತಿಯಲ್ಲಿ ಬಸ್ ಕಂಡಕ್ಟರ್. ದಿನಕರ್ಮ ಮುಗಿದರೂ ಅವಳಿಗೆ ಅಳು ಬಂದಿರಲಿಲ್ಲ. ಸಿಟ್ಟು ದಾರಿ ಬಿಟ್ಟಿರಲಿಲ್ಲ.

ಡ್ಯೂಟಿಗೆ ಮರಳುವ ಬೆಳಿಗ್ಗೆ ತಾಯಿ ಹಂಪವ್ವ ರೊಟ್ಟಿ ಬಡಿಯುತ್ತಿದ್ದಳು. ಮೂರು ಬಡಿತ... ಕೈ ನಿಂತಿತು. ಮತ್ತೆ ಮೂರು... ಮತ್ತೆ ನಿಂತಿತು.

"ಯವ್ವಾ, ಯಾಕ ನಿಂದರ್ತಿ? ಕೈ ನೋಯ್ತೈತೇನು?"

ಹಂಪವ್ವ ತನ್ನ ಕೈಯನ್ನೇ ನೋಡಿಕೊಂಡಳು. "ರೂಢಿ ಆಗೈತವ್ವ... ನಿಮ್ಮಪ್ಪ ಉಸಿರು ತಗೊಳ್ಳಲಿ ಅಂತ."

"ಏನು?"

"ದಮ್ಮು ಭಾಳ ಆಗಿತ್ತು. ಹಾಡಾಕ ಕುಂತ್ರ ಮೂರು ಸ್ವರಕ್ಕ ಉಸಿರು ಮುಗೀತಿತ್ತು. ವಿರುಪಾಕ್ಷಿ ದಿನಾ ಬಂದು ಪೆಟ್ಟಿಗಿ ಹಿಡಿದು ಕುಂದರ್ತಿದ್ದ. ಮತ್ತ ಉಸಿರು ಬರೂತನಕ ಬೆರಳು ಎತ್ತಿ ಕಾಯ್ತಿದ್ದ. ನಾನೂ ಇಲ್ಲಿ ಕೈ ನಿಲ್ಲಸ್ತಿದ್ದೆ."

"ನನಗ ಯಾರೂ ಹೇಳಲಿಲ್ಲ! ಫೋನ್ ಮಾಡಿದ್ರ 'ಛಲೋ ಅದೀನಿ' ಅಂದು ಇಟ್ಟುಬಿಡ್ತಿದ್ದ..."

"ಎರಡನೇ ಮಾತಿಗೆ ಉಸಿರು ಎಲ್ಲಿತ್ತವ್ವ?"

ಹಾಗಾದರೆ ಆ ಮೌನ... ಅದು ಅಪ್ಪನದಾಗಿತ್ತು!

ಗಂಗಾವತಿಗೆ ಹೊರಟ ಅನುಸೂಯಾ ದಾರಿಯಲ್ಲಿ ಯಲಬುರ್ಗಾದಲ್ಲೇ ಬಸ್ಸಿಳಿದಳು. ವಿರುಪಾಕ್ಷಿ ತನ್ನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿದ್ದ.

"ಕಂಡಕ್ಟರಮ್ಮ, ಬಸ್ಸು ಬಿಟ್ಟು ಬಂದೀಯಲ್ಲ?" ನಗಲು ನೋಡಿದ, ಆಗಲಿಲ್ಲ.

"ಅವತ್ತ ಹೇಳಾಕ ಏನಾಗಿತ್ತು ನಿನಗ?"

"ಮಾಸ್ತರು ಉಸಿರಿಗೆ ಒದ್ದಾಡಿದ್ದನ್ನ ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ ಅನು? ಪೂರ್ತಿ ಪದ ನುಡಿಸಿದ್ರ... ಅವರು ಹೋದ್ರು ಅಂತ ನಾನೂ ಒಪ್ಪಿದಂಗ ಆಗ್ತಿತ್ತು."

ಅವಳು ಅಂಗಡಿಯ ಹೊಸ್ತಿಲಲ್ಲೇ ಕುಳಿತಳು. "ನನ್ನ ಬಾಯಿ ಕೆಟ್ಟೈತಿ. ಮದಿವಿ ಆದಮ್ಯಾಲೂ ಹಿಂಗ ಇರ್ತೈತಿ. ತಡಕೊಳ್ತೀಯೇನು?"

"ಕಾಯೂದು ಮಾಸ್ತರು ಕಲಿಸ್ಯಾರಲ್ಲ..."

"ಹಂಗಾರ ಪೆಟ್ಟಿಗಿ ತಗಿ."

ಅವನು ಕೈ ತೊಳೆದು, ಅಂಗಡಿಯ ಮೂಲೆಯಲ್ಲಿದ್ದ ಹಾರ್ಮೋನಿಯಂ ತೆಗೆದು ಕುಳಿತ. ಮೂರು ಸ್ವರ ನುಡಿಸಿ ಬೆರಳು ಎತ್ತಿದ. ಅನುಸೂಯಾ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

ತುಸು ಹೊತ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ, "ಮುಂದ ನುಡಸ್ಲಿ?"

ಅವನು ಎತ್ತಿದ್ದ ಆ ಕೈಯನ್ನು ಅವಳು ಹಿಡಿದುಕೊಂಡಳು.

"ಒಂದೀಟು ತಡಿ... ಅಪ್ಪ ಇನ್ನೂ ಉಸಿರು ತಗೊಳ್ಳಾಕತ್ಯಾನ."