ಮಿಂಚುಳ್ಳಿ ರಾಜನನ್ನು ಸೋಲಿಸಿದ ಭಾನುವಾರ

“ನೀವು ಸತ್ತಿರಿ.”

ಮೊದಲ ಭೇಟಿಯಲ್ಲೇ ಒಬ್ಬ ಗಂಡಸು ತನಗೆ ಹೀಗೆ ಹೇಳುತ್ತಾನೆಂದು ಯಶಸ್ವಿ ಕನಸಿನಲ್ಲೂ ಎಣಿಸಿರಲಿಲ್ಲ.

“ನಾನು ಎಂತಕ್ಕೆ ಸಾಯುದು?”

“ದಾಳದಲ್ಲಿ ಒಂದು ಬಿತ್ತಲ್ಲ… ರಾಕ್ಷಸ ಹೊಡೆದ,” ಎಂದ ಶಶಾಂಕ. ಪಾಪ, ಅವನ ದನಿಯಲ್ಲಿ ನಿಜವಾದ ಸಂತಾಪವಿತ್ತು.

“ನನ್ನ ಮಾತೇ ಮುಗಿಯಲಿಲ್ಲ ಮಾರಾಯ್ರೆ!”

ಅದು ಸುಳ್ಯ ಪೇಟೆಯಲ್ಲಿ ಶಶಾಂಕನ ಕನ್ನಡಕದಂಗಡಿಯ ಮಹಡಿ. ಭಾನುವಾರ ಊಟವಾದ ಮೇಲೆ ಅಲ್ಲಿ ಗೆಳೆಯರು ಸೇರಿ ಕಥೆಯಾಟ ಆಡುತ್ತಿದ್ದರು. ಕಥೆ ನಡೆಸುವವನು ಶಶಾಂಕ. ರಾಕ್ಷಸ, ರಾಜ, ಅಂಬಿಗ ಎಲ್ಲರ ಮಾತೂ ಅವನದೇ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನರ್ಸ್ ರಮ್ಯಶ್ರೀ ಮಂತ್ರವಾದಿ, ಟಯರ್ ಅಂಗಡಿಯ ಸೂರಜ್ ಬಿಲ್ಲುಗಾರ. ಗೆಳತಿ ರಮ್ಯಶ್ರೀಯ ಒತ್ತಾಯಕ್ಕೆ ಬಂದ ಯಶಸ್ವಿಗೆ ಸಿಕ್ಕಿದ್ದು ಮಿಂಚುಳ್ಳಿ ಎಂಬ ಕಳ್ಳಿಯ ಪಾತ್ರ.

ಅವಳು ಮರ್ಕಂಜದ ತೀರ್ಥರಾಮ ಮಾಸ್ಟ್ರ ಮಗಳೆಂದು ಶಶಾಂಕನಿಗೆ ಯಾರೂ ಹೇಳಿರಲಿಲ್ಲ. ಮಾಸ್ಟ್ರು ತಾಳಮದ್ದಳೆಯ ಅರ್ಥಧಾರಿ. ವೇಷ ಕಟ್ಟದೆ, ಭಾಗವತರ ಪದ್ಯಕ್ಕೆ ಕುಳಿತಲ್ಲೇ ಪಾತ್ರವಾಗಿ ವಾದಿಸುವ ಆ ಕೂಟಗಳಲ್ಲಿ ಮಗಳೂ ಹತ್ತು ವರ್ಷ ಮಾತಾಡಿದವಳು. ಅಪ್ಪ ಕಲಿಸಿದ್ದು ಒಂದೇ ಪಾಠ: ಎದುರಿನವನ ಮಾತನ್ನು ಉತ್ತರ ಕೊಡದೆ ಬಿಡಬಾರದು. ಅಲ್ಲಿ ಸಾಯುವವನೂ ಮುಕ್ಕಾಲು ಗಂಟೆ ಮಾತಾಡಿಯೇ ಸಾಯುವುದು!

ಯಶಸ್ವಿ ಚಕ್ಕಳಮಕ್ಕಳ ಹಾಕಿ ಕುಳಿತಳು.

“ಎಲೈ ರಾಕ್ಷಸ! ಕೊಲ್ಲುವ ಮೊದಲು ಉತ್ತರ ಕೊಡು. ಈ ಗುಹೆಗೆ ನಿನ್ನನ್ನು ಕಾವಲಿಟ್ಟವನು ಯಾರು? ಮುನ್ನೂರು ವರ್ಷಗಳಲ್ಲಿ ಅವನು ನಿನಗೆ ಕೊಟ್ಟ ರಜೆ ಎಷ್ಟು?”

ಹೀಗೇ ಇಪ್ಪತ್ತು ನಿಮಿಷ ವಾದಿಸಿದಳು! ಸೂರಜ್ ಚಿಪ್ಸ್ ತಿನ್ನುವುದನ್ನೇ ಮರೆತ. ಶಶಾಂಕ ದಾಳವನ್ನು ಪಕ್ಕಕ್ಕೆ ಸರಿಸಿದ.

“ರಾಕ್ಷಸ… ರಾಜೀನಾಮೆ ಕೊಟ್ಟ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಶಾಂಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ‘ಅಯ್ಯೋ, ಇಷ್ಟು ಚಂದದ ಕಣ್ಣನ್ನು ಎಂತಕ್ಕೆ ಗಾಜಿನ ಹಿಂದೆ ಇಟ್ಟದ್ದು!’ ಅಂದುಕೊಂಡಳು ಯಶಸ್ವಿ. ಅಂದುಕೊಂಡದ್ದಕ್ಕೆ ತಾನೇ ನಾಚಿದಳು.

ಆಮೇಲೆ ಒಂದು ಭಾನುವಾರವೂ ಅವಳು ತಪ್ಪಿಸಲಿಲ್ಲ. ತಾನು ಕೆಲಸ ಮಾಡುವ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಎಣಿಸುವಾಗಲೂ ಅವನದೇ ನೆನಪು. ಅವನಿಗೂ ಹೀಗೇ ಇರಬಹುದೇ? ಕೇಳುವುದು ಹೇಗೆ!

ಐದನೆಯ ತಿಂಗಳಲ್ಲಿ ಕಥೆಗೊಬ್ಬ ತರುಣ ರಾಜ ಬಂದ. ಆ ದಿನ ಶಶಾಂಕನ ದನಿ ಯಾಕೋ ನಡುಗುತ್ತಿತ್ತು.

“ಮಿಂಚುಳ್ಳಿ, ಈ ರಾಜ್ಯದಲ್ಲೇ ಇದ್ದುಬಿಡು. ವಾರದ ಆರು ದಿನವೂ ನಾನು ಭಾನುವಾರಕ್ಕಾಗಿ ಕಾಯುತ್ತೇನೆ…”

ಎದುರಾಳಿ ವಾದ ಹೂಡಿದ! ಯಶಸ್ವಿಯ ರಕ್ತ ಬಿಸಿಯಾಯಿತು.

“ಎಲೈ ಅರಸ! ಒಂದು, ವಾರಕ್ಕೊಮ್ಮೆ ಕಂಡವಳ ಮೇಲೆ ಹುಟ್ಟಿದ್ದು ಪ್ರೀತಿಯಲ್ಲ, ಹೊತ್ತು ಕಳೆಯುವ ಉಪಾಯ. ಎರಡು, ಕಂಡ ದಿನವೇ ನಿನ್ನ ರಾಕ್ಷಸ ನನ್ನನ್ನು ಕೊಲ್ಲಲು ಬಂದ. ಮೂರು, ಕೇಳುವ ಧೈರ್ಯವಿದ್ದವನು ಕಿರೀಟ ಕಳಚಿಟ್ಟು ಕೇಳುತ್ತಾನೆ!”

ಸೂರಜ್ ಶಿಳ್ಳೆ ಹೊಡೆದ. ರಮ್ಯಶ್ರೀ ಮಾತ್ರ ಹಣೆ ಚಚ್ಚಿಕೊಂಡಳು.

“ಸೋತೆ,” ಎಂದ ಶಶಾಂಕ, ಕಥೆ ಬರೆದಿಟ್ಟ ಪುಸ್ತಕ ಮುಚ್ಚುತ್ತಾ. “ಇವತ್ತಿಗೆ ಸಾಕು.”

ಯಶಸ್ವಿ ಮನೆಗೆ ಬಂದವಳೇ ತನ್ನ ಗೆಲುವನ್ನು ಅಪ್ಪನಿಗೆ ವರದಿ ಮಾಡಿದಳು. ಮಾಸ್ಟ್ರು ಚಹಾದ ಲೋಟ ಕೆಳಗಿಟ್ಟರು.

“ಆ ರಾಜ್ಯದಲ್ಲಿ ಭಾನುವಾರ ಉಂಟಾ ಮಗಾ?”

“ಇಲ್ಲಪ್ಪ, ಅಲ್ಲಿ ಬರೇ ಹುಣ್ಣಿಮೆ, ಅಮಾವಾಸ್ಯೆ…”

“ಪದ್ಯದಲ್ಲಿ ಇಲ್ಲದ್ದನ್ನು ಅರ್ಥಧಾರಿ ಹೇಳಿದ ಅಂದ್ರೆ, ಅದು ಅವನ ಸ್ವಂತದ್ದು.”

ಯಶಸ್ವಿ ತಟ್ಟನೆ ಎದ್ದು ನಿಂತಳು. ಅಯ್ಯೋ… ತಾನು ಖಂಡಿಸಿದ್ದು ರಾಜನನ್ನಲ್ಲ! ಐದು ತಿಂಗಳಿಂದ ಕಾಯುತ್ತಿದ್ದ ಮಾತನ್ನು ಮೂರು ತುಂಡು ಮಾಡಿ ಬಿಸಾಡಿ ಬಂದಿದ್ದಳಲ್ಲ!

ಶನಿವಾರ ಶಶಾಂಕನ ಮೆಸೇಜ್ ಬಂತು. ‘ನಾಳೆ ಆಟ ಇಲ್ಲ. ಇನ್ನು ಇರುವುದೂ ಡೌಟು.’ ಅವಳು ಅದನ್ನು ಹತ್ತು ಸಲ ಓದಿದಳು. ಅವನು ಇನ್ನೆಂದೂ ಕೇಳದಿದ್ದರೆ? ಅತ್ತೂ ಬಿಟ್ಟಳು.

ಸೋಮವಾರ ಬೆಳಿಗ್ಗೆ ಅವಳು ಕನ್ನಡಕದಂಗಡಿಯ ಮೆಟ್ಟಿಲೇರಿದಾಗ ಸಂಪಾಜೆಯ ತಿಮ್ಮಕ್ಕ ಎಂಬ ಅಜ್ಜಿ ಫ್ರೇಮ್ ಆರಿಸುತ್ತಿದ್ದರು.

“ಕಣ್ಣು ಟೆಸ್ಟಾ?” ಎಂದ ಶಶಾಂಕ, ತಲೆ ಎತ್ತದೆ.

“ಅಲ್ಲ. ನನ್ನ ವಾದಕ್ಕೆ ನಾನೇ ಉತ್ತರ ಕೊಡ್ಲಿಕ್ಕೆ ಬಂದದ್ದು,” ಎಂದಳು. “ಒಂದನೆಯದು ಸುಳ್ಳು. ಆರು ದಿನ ನನಗೂ ಹೋಗುದಿಲ್ಲ. ಎರಡನೆಯದು, ರಾಕ್ಷಸ ರಾಜೀನಾಮೆ ಕೊಟ್ಟು ಆಯ್ತು, ಅವನ ಮೇಲೆ ಕೇಸಿಲ್ಲ. ಮೂರನೆಯದು… ಮೂರನೆಯದು…”

ಹತ್ತು ವರ್ಷ ಕೂಟಗಳಲ್ಲಿ ಆಡಿದ ನಾಲಗೆ ಅಲ್ಲಿಗೆ ನಿಂತಿತು. ಕಣ್ಣು ತುಂಬಿತು.

ಶಶಾಂಕ ಮೇಜು ದಾಟಿ ಹತ್ತಿರ ಬಂದ.

“ಮೂರನೆಯದು ಸರಿಯೇ ಉಂಟು. ನನಗೆ ಹೆದರಿಕೆ ಆಯ್ತು. ಅದಕ್ಕೆ ರಾಜನ ಹತ್ತಿರ ಹೇಳಿಸಿದ್ದು. ಈಗ ನಾನೇ ಹೇಳ್ತೇನೆ. ನನಗೆ ನೀವು ತುಂಬಾ ಇಷ್ಟ. ಮದುವೆ ಆಗ್ತೀರಾ?”

ಯಶಸ್ವಿ ಕಣ್ಣೊರೆಸಿಕೊಂಡಳು. ಅವನಿಗೆ ಗಾಬರಿಯಾಯಿತು.

“ಖಂಡನೆ ಎಂತದೂ ಇಲ್ವಾ?”

“ಬೇಗ ಎಂತಾದ್ರೂ ಹೇಳು ಮಗಾ, ನನಗೆ ಬಸ್ಸುಂಟು,” ಎಂದರು ತಿಮ್ಮಕ್ಕ, ಎರಡು ಫ್ರೇಮ್ ಒಟ್ಟಿಗೇ ಹಾಕಿಕೊಂಡು ಅವರಿಬ್ಬರನ್ನೂ ನೋಡುತ್ತಾ.

ಯಶಸ್ವಿ ಅಳುತ್ತಲೇ ನಕ್ಕುಬಿಟ್ಟಳು.

“ಆಗ್ತೇನೆ.”

“ಅಷ್ಟೇಯಾ?”

“ಅಷ್ಟೇ. ಇನ್ನು ಅಪ್ಪನ ಹತ್ತಿರ ಮಾತಾಡುದು ನಿಮ್ಮ ಕೆಲಸ. ಅವರಿಗೆ ಒಪ್ಪಿಗೆ ಇದ್ದರೂ ವಾದ ಮಾಡದೆ ಬಿಡುದಿಲ್ಲ.”

ಶಶಾಂಕ ಗೋಡೆಯ ಗಡಿಯಾರ ನೋಡಿದ. “ಎಷ್ಟು ಹೊತ್ತು ಹಿಡಿದೀತು?”

“ಬೆಳಿಗ್ಗೆ ತಿಂಡಿಗೇ ಬನ್ನಿ,” ಎಂದಳು ಯಶಸ್ವಿ, ಮೆಲ್ಲನೆ ಅವನ ಬೆರಳು ಹಿಡಿದು. “ಹೆದರ್ಬೇಡಿ. ನಾನು ನಿಮ್ಮ ಬದಿಯಲ್ಲೇ ಕೂತುಕೊಳ್ತೇನೆ.”