ಖಾತೆ ಮುಚ್ಚಿದ ಮೇಲೆ

ವಿಮಾನ ನಿಲ್ದಾಣದ ಲೌಂಜಿನ ಬಾಗಿಲಲ್ಲಿದ್ದ ಯಂತ್ರ ಅವಳ ಕಾರ್ಡಿಗೆ ಕೆಂಪು ದೀಪ ತೋರಿಸಿತು. ಅವಳು ಕಾರ್ಡನ್ನು ಕೋಟಿನ ತೋಳಿಗೆ ಒರೆಸಿ ಮತ್ತೆ ಇಟ್ಟಳು. ಮತ್ತೂ ಕೆಂಪು.

"ಯಂತ್ರ ಕೆಟ್ಟಿರ್ಬೇಕು," ಎಂದಳು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಕಂಪ್ಯೂಟರನ್ನು ನೋಡಿ ದನಿ ತಗ್ಗಿಸಿದಳು. "ಯಂತ್ರ ಸರಿಯಾಗಿದೆ ಮೇಡಂ. ನಿಮ್ಮ ಫ್ರೀಕ್ವೆಂಟ್ ಫ್ಲೈಯರ್ ಖಾತೆಯನ್ನೇ ತಡೆಹಿಡಿದಿದಾರೆ. ಮೈಲ್ಸ್‌ನಲ್ಲಿ ತಗೊಂಡ ಟಿಕೆಟ್‌ಗಳನ್ನ ನೀವು ಬೇರೆಯವರಿಗೆ... ಅಂದ್ರೆ, ಮಾರ್ಕೊಂಡಿದೀರಿ ಅಂತ ಬರ್ತಿದೆ."

ಹಿಂದೆ ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದರು. ಅವಳ ಮುಖಕ್ಕೆ ರಕ್ತ ನುಗ್ಗಿತು. ಹತ್ತಾರು ದೇಶದ ಮಂತ್ರಿಗಳ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸುವ ದುಭಾಷಿ ಅವಳು. ಮಾತಿಗೆ ತಡವರಿಸಿದವಳೇ ಅಲ್ಲ. ಈಗ ಕಾರ್ಡನ್ನು ಜೇಬಿಗೆ ತುರುಕಿ, ಸೂಟ್‌ಕೇಸ್ ಎಳೆದುಕೊಂಡು ಕಂಬವೊಂದರ ಮರೆಗೆ ಹೋಗಿ ಫೋನ್ ಮಾಡಿದಳು.

"ಹಲೋ," ಎಂದ ಅವಳ ಮನೆ ಕೆಳಗಿನ ಕನ್ನಡಕದ ಅಂಗಡಿಯವನು. ಹಿಂದೆ ಅವಳ ಅಪ್ಪನ ನಗು ಕೇಳಿಸುತ್ತಿತ್ತು.

"ಟಿಕೆಟ್ ವಿಷ್ಯ ಯಾರಿಗಾದ್ರೂ ಹೇಳಿದ್ರಾ?"

"ಯಾವ ಟಿಕೆಟ್?"

"ನಾನು ನಿಮಗೆ ಕೊಡೋ ಟಿಕೆಟ್!"

"ಓ, ಅದಾ. ಹೋದ ಸಲ ವಿಮಾನದಲ್ಲಿ ಪಕ್ಕದ ಸೀಟಲ್ಲಿ ಒಬ್ಬರು ಮೇಡಂ ಇದ್ರು, ತುಂಬಾ ಒಳ್ಳೆಯವರು. ಕೇಳಿದ್ರು, ಹೇಳಿದೆ. ನಿಮ್ಮ ಅಪ್ಪನ್ನ ನಾನು ನೋಡ್ಕೋತೀನಿ, ಅದಕ್ಕೆ ನೀವು ನನಗೆ ಟಿಕೆಟ್ ಕೊಡ್ತೀರಿ ಅಂತ. ಎಷ್ಟು ಚೆನ್ನಾಗಿ ಕೇಳಿಸ್ಕೊಂಡ್ರು ಗೊತ್ತಾ!"

"ಕೇಳಿಸ್ಕೊಳ್ದೆ ಏನ್ಮಾಡ್ತಾರೆ? ಅವರು ಆ ಕಂಪನಿಯವರೇ ಇರ್ಬೇಕು! ನನ್ನ ಖಾತೆ ಹೋಯ್ತು!"

ಅವನು ಮೆಲ್ಲಗೆ ಕೇಳಿದ. "ನೀವು ಊಟ ಮಾಡಿದ್ರಾ?"

ಅವಳು ಫೋನ್ ಕಟ್ ಮಾಡಿದಳು. ಅಷ್ಟು ಕೋಪದಲ್ಲೂ ಎದೆಯೊಳಗೆ ಏನೋ ಮೆತ್ತಗಾಯಿತು. ಅದಕ್ಕೇ ಇನ್ನಷ್ಟು ಕೋಪ ಬಂತು.

*

ಅವಳ ಮನೆಯ ಕೆಳಗೇ ಅವನ ಕನ್ನಡಕದ ಅಂಗಡಿ. ಅಪ್ಪ ನಾಟಕ ಮಂದಿರವೊಂದರಲ್ಲಿ ದೀಪಗಳನ್ನು ನೋಡಿಕೊಳ್ಳುತ್ತಿದ್ದವರು. ಮಂದಿರ ಮುಚ್ಚಿ ಎಷ್ಟೋ ಕಾಲವಾಗಿತ್ತು. ನೆನಪು ಕೈಕೊಡಲು ಶುರುವಾದ ಮೇಲೆ ಅವರು ಸಂಜೆಯಾಗುತ್ತಲೇ "ಶೋ ಇದೆ" ಎಂದು ಮನೆಯಿಂದ ಹೊರಟುಬಿಡುತ್ತಿದ್ದರು. ಒಮ್ಮೆ ಅವಳು ಪ್ರವಾಸದಿಂದ ಬಂದಾಗ ಅಪ್ಪ ಅಂಗಡಿಯಲ್ಲಿ ಕೂತು, ಹೆಂಗಸರ ಫ್ರೇಮೊಂದನ್ನು ಹಾಕಿಕೊಂಡು ಕನ್ನಡಿ ನೋಡಿ ಮೀಸೆ ತಿರುವುತ್ತಿದ್ದರು.

"ಬಸ್ ಸ್ಟಾಪಲ್ಲಿ ಸಿಕ್ಕಿದ್ರು," ಎಂದಿದ್ದ ಅವನು. "ನೀವು ಊರಲ್ಲಿಲ್ಲದಾಗ ನನ್ನ ಜೊತೇನೇ ಇರ್ಲಿ ಬಿಡಿ. ನನಗೂ ಚದುರಂಗಕ್ಕೆ ಜನ ಬೇಕು."

ದುಡ್ಡು ಕೊಡಲು ಹೋದರೆ ಅವನು ಕೈ ಹಿಂದೆ ಕಟ್ಟಿಕೊಂಡ. ಒಂದು ದಿನ ಮಾತಿಗೆ ಮಾತು ಬಂದು, ಪ್ರತಿ ತಿಂಗಳೂ ಒಂದು ದೂರದ ಊರಿಗೆ ಹೋಗಬೇಕು, ಟಿಕೆಟ್ಟೇ ದುಬಾರಿ ಎಂದ. "ಅಲ್ಲಿ ಒಬ್ಬಳು ಕಾಯ್ತಿರ್ತಾಳೆ," ಎನ್ನುವಾಗ ಅವನ ಮುಖ ಅರಳಿತ್ತು. ಹಾರಿದ ದೂರಕ್ಕೆಲ್ಲ ವಿಮಾನ ಕಂಪನಿ ಕೊಟ್ಟ ಮೈಲ್ಸ್ ಅವಳ ಖಾತೆಯಲ್ಲಿ ಖರ್ಚಾಗದೆ ರಾಶಿ ಬಿದ್ದಿದ್ದವು. "ಹಾಗಾದ್ರೆ ಟಿಕೆಟ್ ನಂದು, ಅಪ್ಪ ನಿಮ್ಮವರು," ಎಂದಳು. ಇಬ್ಬರೂ ನಕ್ಕರು. ಯಾರು ಕಾಯುತ್ತಾಳೆ ಎಂದು ಅವಳು ಕೇಳಲಿಲ್ಲ. ಕೇಳಲು ತನಗೇನು ಹಕ್ಕು?

ಆ ಕೇಳದ ಪ್ರಶ್ನೆ ಮಾತ್ರ ಕಾಲಿಗೆ ಹೊಕ್ಕ ಮುಳ್ಳಿನಂತೆ ಒಳಗೇ ಉಳಿಯಿತು. ಪ್ರತಿ ತಿಂಗಳೂ ತನ್ನ ಕೈಯಾರೆ ಅವನಿಗೆ ಟಿಕೆಟ್ ಬುಕ್ ಮಾಡುವಳು. ಕಿಟಕಿ ಪಕ್ಕದ ಸೀಟನ್ನೇ ಹುಡುಕುವಳು. ಅವನು ಹೋದ ಎರಡು ದಿನ ಮನೆಯಲ್ಲಿ ಕೂತಲ್ಲಿ ಕೂರದೆ ಕಪಾಟು ಜೋಡಿಸುವಳು, ಜೋಡಿಸಿದ್ದನ್ನೇ ಮತ್ತೆ ಕೆದರುವಳು.

ಅವಳಿಗೆ ಓದಲು ಕನ್ನಡಕ ಬೇಕಾದಾಗ ಅವನೇ ಅಳತೆ ತೆಗೆದಿದ್ದ. ಪುಟ್ಟ ಸ್ಕೇಲನ್ನು ಅವಳ ಮೂಗಿನ ಮೇಲಿಟ್ಟು, "ನನ್ನ ಎಡಗಣ್ಣು ನೋಡಿ," ಎಂದ. ನೋಡಿದಳು. "ಈಗ ಬಲಗಣ್ಣು." ಅದನ್ನೂ ನೋಡಿದಳು. ಕಂದು ಕಣ್ಣು, ಅಂಚಿನಲ್ಲಿ ಒಂದು ಸಣ್ಣ ಹಸಿರು ಚುಕ್ಕೆ.

"ರೆಪ್ಪೆ ಹೊಡೀಬೇಡಿ."

"ನೀವು ಉಸಿರು ಬಿಡಿ ಮೊದಲು," ಎಂದಳು. ಅವನ ಕಿವಿ ಕೆಂಪಾಯಿತು. ಸ್ಕೇಲು ಕೈಜಾರಿ ಅವಳ ಮಡಿಲಿಗೆ ಬಿತ್ತು. ಇಬ್ಬರೂ ಅದನ್ನೆತ್ತಲು ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ಮೂಲೆಯಲ್ಲಿ ಕೂತಿದ್ದ ಅಪ್ಪ, "ಲೈಟ್ಸ್ ಆಫ್!" ಎಂದು ಕೂಗಿ ಚಪ್ಪಾಳೆ ತಟ್ಟಿದರು.

*

ಅವಳು ಊರಿಗೆ ಬಂದ ಮರುದಿನವೇ ವಿಮಾನ ಕಂಪನಿಯವರು ಇಬ್ಬರನ್ನೂ ವಿಚಾರಣೆಗೆ ಕರೆಸಿದರು. ಅಪ್ಪನನ್ನು ಪಕ್ಕದ ಮನೆಯವರ ಬಳಿ ಬಿಟ್ಟು ಹೊರಟರು. ಬಸ್ಸಿನಲ್ಲಿ ಅವನು ಮೂರು ಸಲ ಸಾರಿ ಕೇಳಿದ. ಅವಳು ಮೂರು ಸಲವೂ ಕಿಟಕಿಯ ಕಡೆ ತಿರುಗಿದಳು.

ಗಾಜಿನ ಕೋಣೆ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಗಿಡ, ಅದರ ಎಲೆಗಳ ಮೇಲೆ ನಿಜವಾದ ಧೂಳು. ಒಳಗೆ ಬಂದ ನಡುವಯಸ್ಸಿನ ಅಧಿಕಾರಿಣಿಯನ್ನು ನೋಡಿದ್ದೇ ಅವನು ಎದ್ದು ನಿಂತ.

"ಅರೆ, ನೀವಾ! ಚೆನ್ನಾಗಿದೀರಾ ಮೇಡಂ?"

ಅಧಿಕಾರಿಣಿಗೆ ಮುಜುಗರವಾಯಿತು. "ಚೆನ್ನಾಗಿದೀನಿ. ನಿಮ್ಮ ಮಗಳು ಹೇಗಿದಾಳೆ? ಅವಳ ಮುಂದಿನ ಹಲ್ಲು ಬಂತಾ?"

"ಅರ್ಧ ಬಂದಿದೆ. ಫೋನಲ್ಲಿ ಸೀಟಿ ಹೊಡೆದ ಹಾಗೆ ಮಾತಾಡ್ತಾಳೆ."

ಅವಳು ಅವನತ್ತ ತಿರುಗಿದಳು. ಮಗಳು! ಮಗಳು ಇದ್ದರೆ ಅವಳ ಅಮ್ಮನೂ ಇರಬೇಕಲ್ಲ? ಅವನಿಗೆ ಆ ನೋಟ ಅರ್ಥವಾಯಿತೇನೋ. "ನಾವು ಬೇರೆಯಾಗಿ ತುಂಬಾ ದಿನ ಆಯ್ತು," ಎಂದ ತಗ್ಗಿದ ದನಿಯಲ್ಲಿ. "ಮಗಳು ಅಮ್ಮನ ಹತ್ರ ಇದಾಳೆ. ತಿಂಗಳಿಗೊಂದು ಸಲ ನಾನು ಹೋಗ್ತೀನಿ. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

"ನನಗೆ ಯಾರು ಹೇಳಿದ್ರು?"

"ನೀವು ಕೇಳ್ಲೇ ಇಲ್ವಲ್ಲ!"

ಇಷ್ಟು ದಿನ ಯಾವ ಹೆಣ್ಣಿನ ಮೇಲೆ ಹೊಟ್ಟೆ ಉರಿದುಕೊಂಡಿದ್ದಳೋ ಅವಳಿಗೆ ಮುಂದಿನ ಹಲ್ಲೇ ಪೂರ್ತಿ ಬಂದಿಲ್ಲ! ಇವಳಿಗೆ ಅಲ್ಲೇ ನಗಬೇಕೆನಿಸಿತು, ಅಳಬೇಕೆನಿಸಿತು.

ಅಧಿಕಾರಿಣಿ ಗಂಟಲು ಸರಿಮಾಡಿಕೊಂಡರು. "ನೋಡಿ, ನನಗೂ ಇದು ಇಷ್ಟದ ಕೆಲಸ ಅಲ್ಲ. ಆದ್ರೆ ಅವತ್ತು ಕೇಳಿದ್ದನ್ನ ಕೇಳಿಲ್ಲ ಅನ್ನೋಕಾಗಲ್ಲ. ಮೈಲ್ಸ್ ಟಿಕೆಟ್ಟನ್ನ ಮನೆಯವರಿಗೆ ಕೊಡಬಹುದು. ಹೊರಗಿನವರಿಗೆ ದುಡ್ಡಿಗೆ ಮಾರೋ ಹಾಗಿಲ್ಲ, ಕೆಲಸಕ್ಕೆ ಬದಲಾಗಿ ಕೊಡೋ ಹಾಗೂ ಇಲ್ಲ. ಹಾಗೆ ಮಾಡಿದ್ರೆ ಖಾತೆ ಮುಚ್ತೀವಿ. ಮುಂದಿನ ವಾರಕ್ಕೆ ಮಾಡಿರೋ ಟಿಕೆಟ್ಟೂ ರದ್ದಾಗತ್ತೆ."

ಅವನ ಮುಖ ಬಿಳಿಚಿತು. "ಮುಂದಿನ ವಾರ ಅವಳ ಹುಟ್ಟಿದಹಬ್ಬ," ಎಂದ, ಯಾರಿಗೂ ಅಲ್ಲ, ತನಗೇ ಹೇಳಿಕೊಂಡಂತೆ.

ಅಧಿಕಾರಿಣಿ ಪೆನ್ನು ಕೆಳಗಿಟ್ಟು ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದರು. "ಒಂದು ಮಾತು. ಮದುವೆ ಗೊತ್ತಾಗಿರೋರನ್ನೂ ಮನೆಯವರು ಅಂತಲೇ ತಗೋತೀವಿ. ಇವರು ನಿಮಗೆ ಏನಾಗ್ಬೇಕು?"

ಒಂದೇ ಪದ ಸಾಕಿತ್ತು. ಖಾತೆ ಉಳಿಯುತ್ತಿತ್ತು, ಅವನ ಟಿಕೆಟ್ ಉಳಿಯುತ್ತಿತ್ತು. ಅವಳಿಗೆ ಅದು ಅಷ್ಟೇನೂ ಸುಳ್ಳು ಎನಿಸಲೂ ಇಲ್ಲ. ಬಾಯಿ ತೆರೆದಳು. "ನಾವಿಬ್ರೂ..."

"ಇಲ್ಲ ಮೇಡಂ," ಎಂದ ಅವನು ಥಟ್ಟನೆ. "ಹಾಗೇನೂ ಇಲ್ಲ. ನಾನು ಇವರ ಮನೆ ಕೆಳಗಡೆ ಅಂಗಡಿ ಇಟ್ಕೊಂಡಿರೋನು, ಅಷ್ಟೇ."

*

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಇಳಿದ ಮೇಲೆ ಅಂಗಡಿಯ ಮುಂದೆ ತಡೆಯಲಾಗದೆ ನಿಂತಳು.

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಮಗಳ ಮುಖ ನೋಡೋದಕ್ಕಾದ್ರೂ ಹೇಳಬಹುದಿತ್ತು."

"ಆ ಮಾತನ್ನ ಅಲ್ಲಿ ಹೇಳೋಕೆ ನನಗೆ ಮನಸ್ಸು ಬರ್ಲಿಲ್ಲ."

"ಸುಳ್ಳಿಗೂ ನಾನು ಬೇಡ. ಅಷ್ಟೇ ತಾನೆ?"

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿಯಾಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ. ರೈಲು ಹತ್ತಿ ಹೋದನೆಂದು ಪಕ್ಕದ ಔಷಧಿ ಅಂಗಡಿಯವರು ಹೇಳಿದರು. ವಿಮಾನದಲ್ಲಿ ಒಂದು ನಿದ್ದೆಗೆ ಮುಟ್ಟುವ ಊರು, ರೈಲಿನಲ್ಲಿ ಹೋಗಲು ಎರಡು ದಿನ, ಬರಲು ಎರಡು ದಿನ.

ಅವಳು ಒಪ್ಪಿಕೊಂಡಿದ್ದ ಕೆಲಸವೊಂದನ್ನು ಬಿಟ್ಟುಕೊಟ್ಟು ಮನೆಯಲ್ಲೇ ಉಳಿದಳು. ಖಾತೆ ಮುಚ್ಚಿದ್ದಕ್ಕೆ ದುಃಖಿಸಬೇಕೆಂದುಕೊಂಡಳು. ಎಷ್ಟೋ ವರ್ಷ ಕೂಡಿಟ್ಟಿದ್ದು, ಎಷ್ಟೋ ಸಾಗರ ದಾಟಿ ಗಳಿಸಿದ್ದು. ಆದರೆ ಅದರ ನೆನಪೇ ಬರಲೊಲ್ಲದು. ಕಾಫಿ ಮಾಡಿ ಕುಡಿಯಲು ಮರೆತಳು. ಪುಸ್ತಕ ತೆರೆದು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಕೆಳಗೆ ಯಾರೋ ಶಟರ್ ಎಳೆದ ಸದ್ದಾದರೆ ಬಾಲ್ಕನಿಗೆ ಓಡುವಳು. ನೋಡಿದರೆ ಔಷಧಿ ಅಂಗಡಿಯದು.

"ಏನಮ್ಮ ಪುಟ್ಟಿ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದರು ಅಪ್ಪ. "ಕೂತ್ಕೋ. ಕನ್ನಡಕ ಎಲ್ಲಿ?"

"ನಿಮ್ಮ ಮೂಗಿನ ಮೇಲೇ ಇದೆಯಲ್ಲಪ್ಪ."

"ಇದಲ್ಲ. ನನ್ನ ಜೊತೆ ಆಡೋ ಕನ್ನಡಕ."

"ಊರಿಗೆ ಹೋಗಿದಾರೆ."

"ಬರ್ತಾನೆ ತಾನೆ?"

ಇಷ್ಟು ವರ್ಷ ಹೋಗುವವಳು ತಾನು, ಕಾಯುವವರು ಬೇರೆಯವರು. ಅಪ್ಪ ಕಾದಿದ್ದರು. ಬಹುಶಃ ಅವನೂ ಕಾದಿರಬಹುದು. ಕಾಯುವುದೆಂದರೆ ಮೈಯೆಲ್ಲ ಕಿವಿಯಾಗುವುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವನು ಬಂದದ್ದು ಒಂದು ಮಧ್ಯಾಹ್ನ. ಅವಳು ಅಪ್ಪನಿಗೆ ಔಷಧಿ ತರಲೆಂದು ಇಳಿದವಳು ಅವನ ಅಂಗಡಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ರಸ್ತೆಯ ತಿರುವಿನಲ್ಲಿ ಅವನು ಕಂಡ. ಹೆಗಲಲ್ಲಿ ಬ್ಯಾಗು, ಸುಕ್ಕುಗಟ್ಟಿದ ಅಂಗಿ, ಬೋಳಿಸದ ಗಡ್ಡ. ಅವಳನ್ನು ನೋಡಿ ನಡಿಗೆ ನಿಧಾನವಾಯಿತು. ಹತ್ತಿರ ಬಂದು, ಒಂದು ಮೆಟ್ಟಿಲು ಕೆಳಗೆ ಕೂತ.

"ಹುಟ್ಟಿದಹಬ್ಬ ಆಯ್ತಾ?" ಎಂದಳು, ರಸ್ತೆಯನ್ನೇ ನೋಡುತ್ತ.

"ಆಯ್ತು. ಕೇಕ್ ತಿಂದು ಅರ್ಧ ಹಲ್ಲಿಗೆಲ್ಲ ಮೆತ್ಕೊಂಡಿದ್ಲು."

ಸೈಕಲ್ಲೊಂದು ಗಂಟೆ ಹೊಡೆಯುತ್ತ ಹೋಯಿತು.

"ನಿಮಗೆ ಒಂದು ವಿಷ್ಯ ಹೇಳ್ಬೇಕು," ಎಂದ. "ರೈಲಲ್ಲಿ ಅದನ್ನೇ ಕಂಠಪಾಠ ಮಾಡ್ಕೊಂಡು ಬಂದೆ. ಈಗ ಎಲ್ಲಾ ಮರ್ತೋಯ್ತು."

"ನೆನಪಿದ್ದಷ್ಟು ಹೇಳಿ."

"ಅವತ್ತು ಆ ಮೇಡಂ ಕೇಳಿದಾಗ ನಾನು ಹೌದು ಅಂದಿದ್ರೆ, ಅದು ಟಿಕೆಟ್ಟಿಗೋಸ್ಕರ ಅಂದ ಹಾಗಾಗ್ತಿತ್ತು. ಆಮೇಲೆ ಯಾವತ್ತಾದ್ರೂ ನಿಜವಾಗ್ಲೂ ಕೇಳೋಣ ಅಂತ ಬಂದ್ರೆ ನೀವು ಹೇಗೆ ನಂಬ್ತಿದ್ರಿ? ನಾನೇ ಹೇಗೆ ನಂಬ್ತಿದ್ದೆ?" ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. "ಅಷ್ಟು ದಿನದಿಂದ ಎದೇಲಿಟ್ಕೊಂಡಿರೋ ಮಾತನ್ನ ಒಂದು ಸೀಟಿಗೆ ಕೊಟ್ಬಿಡೋದಾ ಅನ್ನಿಸ್ತು."

ಅವಳು ರಸ್ತೆ ಬಿಟ್ಟು ಅವನತ್ತ ತಿರುಗಿದಳು. "ಎಷ್ಟು ದಿನದಿಂದ?"

"ಸ್ಕೇಲು ಬಿದ್ದ ದಿನದಿಂದ. ಅದಕ್ಕೂ ಸ್ವಲ್ಪ ಮುಂಚೆಯಿಂದ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ವಿಮಾನದಲ್ಲಿ ಗೊತ್ತಿಲ್ಲದವರ ಹತ್ರ ಎಲ್ಲಾ ಹೇಳ್ತೀರಿ!"

"ನಿಮ್ಮ ಟಿಕೆಟ್ ತಗೋತಿದ್ದೆ. ತಗೊಳ್ಳೋ ಕೈಯಲ್ಲೇ ಇದನ್ನೂ ಕೇಳೋದು ಹೇಗೆ?"

ಅವಳು ನಿಟ್ಟುಸಿರು ಬಿಟ್ಟಳು. "ಈಗ ನನ್ನ ಹತ್ರ ಕೊಡೋಕೆ ಏನೂ ಉಳಿದಿಲ್ಲ. ಖಾತೆ ಮುಚ್ಚಿದ್ರು."

"ಗೊತ್ತು," ಎಂದ ಅವನು, ಬಂದಾಗಿನಿಂದ ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡುತ್ತ. "ಅದಕ್ಕೇ ಇವತ್ತು ಕೇಳ್ತಿದೀನಿ. ನೀವು ನನ್ನನ್ನ ಮದುವೆ ಆಗ್ತೀರಾ?"

ಮಂತ್ರಿಗಳ ಮಾತು ಮುಗಿಯುವ ಮೊದಲೇ ಉತ್ತರಕ್ಕೆ ಸಿದ್ಧಳಾಗುತ್ತಿದ್ದವಳು ಈಗ ಅವನನ್ನೇ ನೋಡುತ್ತ ಕೂತಳು. ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ಕಿವಿ ಆಗಲೇ ಕೆಂಪಾಗಿತ್ತು. ಉತ್ತರ ಬರದೆ ಅವನು ಚಡಪಡಿಸುವುದನ್ನು ನೋಡಿ ಅವಳಿಗೆ ತುಂಟತನ ಉಕ್ಕಿತು.

"ನಿಮ್ಮ ಮಗಳನ್ನ ಕೇಳ್ದೆ ಹೇಗೆ ಹೇಳ್ಲಿ?"

"ಕೇಳ್ಕೊಂಡೇ ಬಂದೆ."

"ಏನಂದ್ಲು?"

"ಅವರಿಗೆ ಈಜೋಕೆ ಬರತ್ತಾ ಅಂದ್ಲು."

"ಬರಲ್ಲ!"

"ನಾನೂ ಬಹುಶಃ ಬರಲ್ಲ ಅಂದೆ. ಪರವಾಗಿಲ್ಲ, ನಾನೇ ಕಲಿಸ್ತೀನಿ, ಆದ್ರೆ ಅಳಬಾರದು ಅಂದ್ಲು."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಅವನು ಗಾಬರಿಯಿಂದ ಜೇಬೆಲ್ಲ ತಡಕಿ, ಗಾಜು ಒರೆಸುವ ಬಟ್ಟೆಯೊಂದನ್ನು ಮುಂದೆ ಹಿಡಿದ. "ಅಳಬೇಡಿ. ನೀವು ಬೇಡ ಅಂದ್ರೂ ಅಪ್ಪ ನನ್ನ ಜೊತೆ ಆಡಬಹುದು. ನೀವು ಏನೂ..."

"ಅಯ್ಯೋ, ಒಂದು ನಿಮಿಷ ಸುಮ್ನಿರು ಮಾರಾಯ," ಎಂದಳು.

ಅವನು ಸುಮ್ಮನಾದ. ಅವಳ ಬಾಯಿಂದ ಜಾರಿದ ಆ ಏಕವಚನ ಇಬ್ಬರಿಗೂ ಒಟ್ಟಿಗೇ ಕೇಳಿಸಿತ್ತು.

"ಇನ್ನೊಂದ್ಸಲ ಹೇಳಿ," ಎಂದ ಅವನು ಮೆಲ್ಲಗೆ.

"ಏನಂತ?"

"ಸುಮ್ನಿರು ಅಂತ."

"ನೀನು ಹೇಳಿ ಗೀಳಿ ಅನ್ನೋದನ್ನ ಬಿಟ್ರೆ ಹೇಳ್ತೀನಿ."

ಅವನು ತೊದಲಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಕೊನೆಗೆ, ಹೊಸ ಭಾಷೆಯ ಮೊದಲ ಪದ ಕಲಿಯುವವನಂತೆ, "ಹೇಳು," ಎಂದ.

ಅವಳು ಒಂದು ಮೆಟ್ಟಿಲು ಕೆಳಗೆ ಸರಿದು, ಅವನ ಪಕ್ಕಕ್ಕೆ ಬಂದು ಕೂತಳು.