ಆ ದಂಡೆಯಲ್ಲಿ ಕೆಡುವ ಪಂಪು

ದೋಣಿ ಮೋಟರಿನ ಬದಲಿ ಫಿಲ್ಟರನ್ನು ಕಲ್ಯಾಣಿ ಪೆಟ್ರೋಲಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತಿದ್ದಾಗ ಫೋನು ಬಡಿದುಕೊಂಡಿತು. ಗಂಡ ಯಲ್ಲಾಲಿಂಗ.

"ಪಂಪ್ ಮತ್ತ ಕೈ ಕೊಟ್ಟದ ನೋಡು. ಈ ದಂಡಿಗೇ ಉಳಿತೀನಿ."

"ಊಟ?"

"ಯಾರರ ಹಾಕ್ತಾರ ಬಿಡು."

ಆ 'ಯಾರರ' ಎಂದರೆ ರಾಧಾ. ಚೀಕಲಪರ್ವಿಯಲ್ಲಿ ಜನರನ್ನು ಹೊಳೆ ದಾಟಿಸುವ ಯಲ್ಲಾಲಿಂಗನಿಗೆ ತುಂಗಭದ್ರೆಯ ಆಚೆ ದಂಡೆಯಲ್ಲಿ ರಾಧಾ ಇರುವ ಸಂಗತಿ ಹೊಳೆಯ ಮೀನಿಗೂ ಗೊತ್ತಿತ್ತು. ಅವನ ಮೋಟರು ಬಹಳ ತಿಳಿವಳಿಕೆಯದು. ಈಚೆ ದಂಡೆಯಲ್ಲಿ ಒಮ್ಮೆಯೂ ಕೆಟ್ಟದ್ದಿಲ್ಲ. ಹೊತ್ತು ಮುಳುಗಿ ರಾಧಾಳ ಒಲೆ ಹೊತ್ತಿದ ಮೇಲೆಯೇ, ಅದೂ ಅವಳ ಬಾಗಿಲ ಮುಂದೆಯೇ ಕೆಡುತ್ತಿತ್ತು. ಕಲ್ಯಾಣಿ ದೇವದುರ್ಗದ ತವರಿಗೆ ಹೋಗಿ ಅತ್ತಾಗ ತಾಯಿ, "ಹೊಳಿ ದಾಟಿ ಹೋದಾಂವ ದಾಟಿ ಬರ್ತಾನಲ್ಲ, ಸುಮ್ಮನಿರವ್ವ" ಎಂದು ಹೋಳಿಗೆ ಕಟ್ಟಿಕೊಟ್ಟು ಕಳಿಸಿದ್ದಳು.

ಮಾನ್ವಿಯ ಮೆಕ್ಯಾನಿಕ್ ಮುಷರ್ರಫ್ ಒಮ್ಮೆ ಮೋಟರು ನೋಡಲು ಬಂದಿದ್ದ. ಚಾವಿ ತಿರುವಿ, ಕಿವಿಗೊಟ್ಟು, ನಕ್ಕಿದ್ದ.

"ಕೇಳ್ರಿ ಭಾಬೀ, ಗುಂಯ್ ಅಂತು. ಮೋಟರಿಗೆ ಪೆಟ್ರೋಲ್ ಎಳಿಯೋ ಈ ಕರೆಂಟ್ ಪಂಪು ಗುಂಯ್ ಅಂದ್ರ ಜೀವ ಅದ ಅಂತ. ಅನ್ನಲಿಲ್ಲಂದ್ರ ಮೊದ್ಲು ಫ್ಯೂಸ್ ನೋಡ್ಬೇಕು, ಆಮ್ಯಾಲ ವೈರಿನಾಗ ಕರೆಂಟ್ ಬರ್ತದೋ ಇಲ್ಲೋ, ಆಮ್ಯಾಲ ಅರ್ಥಿಂಗ್. ಇದಕ್ಕೇನಾಗ್ಯದ? ನಿಮ್ಮ ಯಜಮಾನ್ರಿಗಿಂತ ಗಟ್ಟಿ ಅದ!"

ಕಲ್ಯಾಣಿಯೂ ನಕ್ಕಿದ್ದಳು. ಆದರೆ ಆ ನಗು ಆರುವ ಮೊದಲೇ ಅವಳ ತಲೆಯಲ್ಲೂ ಏನೋ ಗುಂಯ್ ಎಂದಿತ್ತು.

ಪಂಪ್ ಕೆಟ್ಟಿದೆ ಎಂದು ಗಂಡ ಚಹಾದ ಹೋಟೆಲಿನಲ್ಲಿ ಹೇಳಿದ್ದ, ದೋಣಿ ಹತ್ತಿದವರಿಗೆಲ್ಲ ಹೇಳಿದ್ದ, ಫೋನಿನಲ್ಲಿ ಊರಿಗೇ ಕೇಳುವಂತೆ ಹೇಳಿದ್ದ. ನಾಳೆ ನಡುಹೊಳೆಯಲ್ಲಿ ಅದು ನಿಂತೇ ಹೋದರೆ, "ಪಾಪ, ಮೊದಲಿಂದ ಹೇಳ್ತಿದ್ದ" ಎಂದು ಜನವೇ ಮರುಗುತ್ತದೆ. ಗಂಡನಾದವನು ಇಷ್ಟು ಸಾಕ್ಷಿಗಳನ್ನು ತಾನೇ ಕೂಡಿಹಾಕಿ ಕೊಟ್ಟಿರುವಾಗ ಹೆಂಡತಿಯಾದವಳು ಅವನ್ನು ಹಾಳುಮಾಡಬಾರದು. ಜೀವನದಲ್ಲಿ ಒಮ್ಮೆಯಾದರೂ ಅವನ ಮಾತನ್ನು ನಿಜ ಮಾಡಿಕೊಟ್ಟರಾಯಿತು.

ಅವಳು ಸಾವಧಾನವಾಗಿ ಯೋಚಿಸಿದಳು. ಫ್ಯೂಸ್ ಕಿತ್ತರೆ ಮೋಟರು ದಂಡೆಯಲ್ಲೇ ಚಾಲೂ ಆಗುವುದಿಲ್ಲ. ವೈರು ಕತ್ತರಿಸಿದರೆ ಕತ್ತರಿಸಿದ್ದು ಕಾಣುತ್ತದೆ. ಫಿಲ್ಟರಿನಲ್ಲಿ ಕಸ ತುಂಬಿದರೆ, ಅದನ್ನು ತೊಳೆಯುವವಳು ಯಾರು? ಉಳಿದದ್ದು ಅರ್ಥಿಂಗ್ ತಂತಿಯ ಸ್ಕ್ರೂ. ಅರ್ಧ ಸಡಿಲಿಸಿದರೆ ದಂಡೆಯಲ್ಲಿ ಪಂಪ್ ಗುಂಯ್ ಎನ್ನುತ್ತದೆ. ಸೆಳವಿಗೆ ಎದುರಾಗಿ ಪೂರ್ತಿ ವೇಗ ಕೊಟ್ಟಾಗ ತಂತಿ ನಡುಗಿ ಬಿಡಿಸಿಕೊಳ್ಳುತ್ತದೆ. ಪೆಟ್ರೋಲು ನಿಂತ ಮೇಲೆ ದೋಣಿ ಹೊಳೆಯ ಪಾಲು. ಮೋಟರು ಬಂದಾಗಿನಿಂದ ಹುಟ್ಟು ಒಯ್ಯುವುದು ಯಲ್ಲಾಲಿಂಗನಿಗೆ ಅವಮಾನ. ಕೆಳಗೆ ಬಂಡೆಗಳ ನಡುವೆ ಸುಳಿ. ಬಂಡೆಗೆ ಬಡಿದ ಮೋಟರಿನಲ್ಲಿ ಯಾವ ಸ್ಕ್ರೂ ತಾನೇ ಬಿಗಿಯಾಗಿ ಉಳಿದೀತು?

ಹೊಸ ನೀರು ಬಂದ ಮೇಲಿನ ಮೊದಲ ದಾಟು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಆ ಸಲ ದೋಣಿಗೆ ಪ್ರಯಾಣಿಕರನ್ನು ಹತ್ತಿಸುವುದಿಲ್ಲ. ಪರರ ಜೀವಕ್ಕೆ ಎರವಾಗುವಷ್ಟು ಕೆಟ್ಟವಳಲ್ಲ ಕಲ್ಯಾಣಿ.

ಅಂದು ತಲೆಗೆ ಎರೆದುಕೊಂಡು, ಹಣೆ ತುಂಬ ಕುಂಕುಮವಿಟ್ಟು ಗಂಗಮ್ಮನ ಪೂಜೆ ಮಾಡಿದಳು. ಮೋಟರಿನ ಮುಚ್ಚಳ ತೆಗೆದು ಒಳಗೂ ಕುಂಕುಮ ಹಚ್ಚಿದಳು. ಸೆರಗಿನ ಮರೆಯಲ್ಲಿದ್ದ ಸ್ಕ್ರೂಡ್ರೈವರ್ ತನ್ನ ಪೂಜೆಯನ್ನು ತಾನು ಮುಗಿಸಿತು.

ಅತ್ತೆ ಗೋಪಮ್ಮ ಕಣ್ಣೊರೆಸಿಕೊಂಡಳು. "ಲೇ ಯಲ್ಲ್ಯಾ, ಮೋಟರಿಗೂ ಕುಂಕುಮ ಹಚ್ತಾಳ ನೋಡು. ನೀ ಆಕಿ ಹಣಿ ಒಮ್ಮಿಯರ ನೋಡೀಯೇನು?"

"ಮೋಟರು ಮಾತು ಕೇಳ್ತದಬೇ, ಅದಕ್ಕ ಹಚ್ತಾಳ," ಎಂದ ಮಗ ಚಾವಿ ತಿರುವಿದ. ಗುಂಯ್. ಮೋಟರು ಚಾಲೂ ಆಯಿತು. ಕಲ್ಯಾಣಿ ಕೈಮುಗಿದು ಹಿಂದೆ ಸರಿದಳು.

ಸರಿದವಳ ಕೈಗೆ ಗೋಪಮ್ಮ ಬಾಗಿನದ ಮೊರ ಇಟ್ಟಳು. "ಎಲ್ಲಿಗ್ಹೊಂಟಿ? ಹತ್ತು ಯವ್ವಾ. ಹೊಸ ನೀರಿಗೆ ಮುತ್ತೈದಿ ಇಲ್ಲದ ದೋಣಿ ಬಿಡಬಾರದು. ಇಷ್ಟು ದಿನ ನಾ ಕುಂದುರ್ತಿದ್ದೆ. ನಿಮ್ಮ ಮಾವ ಹ್ವಾದ ಮ್ಯಾಲ ಆ ಜಾಗ ನಿಂದು. ನಡುಹೊಳ್ಯಾಗ ಮೊರ ಬಿಡು." ಗಂಡ ಹೋದ ಮೇಲಿನ ಬದುಕನ್ನೆಲ್ಲ ಯೋಚಿಸಿಟ್ಟಿದ್ದ ಕಲ್ಯಾಣಿ, ಅವನು ಹೋಗುವವರೆಗೆ ತಾನು ಮುತ್ತೈದೆ ಎಂಬುದೊಂದನ್ನು ಮರೆತಿದ್ದಳು. ಮುಟ್ಟಾಗಿದೆ ಎನ್ನೋಣವೆಂದರೆ ಈಗಷ್ಟೇ ಪೂಜೆ ಮಾಡಿದ ಕೈ. ಪಂಪ್ ನಿಲ್ಲುತ್ತದೆ ಎನ್ನೋಣವೆಂದರೆ, ನಿನಗೆ ಹೇಗೆ ಗೊತ್ತು ಎಂದಾರು. ಹತ್ತಿ, ಗಂಡನ ಎದುರಿಗೆ ಕುಳಿತಳು. ಅವನು ಆಚೆ ದಂಡೆಯನ್ನೇ ನೋಡುತ್ತ ಪೂರ್ತಿ ವೇಗ ಕೊಟ್ಟ. ಅವಳಿಗೆ ಈಜು ಬಾರದು. ನೀರಿಗೆ ಬಿದ್ದರೆ ಏನನ್ನು ಹಿಡಿಯಬೇಕು ಎಂದು ಸುತ್ತ ನೋಡಿದಳು. ರಾಧಾಳಿಗೆಂದು ಅವನು ಇಸ್ತ್ರಿ ಮಾಡಿಸಿಕೊಂಡಿದ್ದ ಅಂಗಿಯ ಕಾಲರು ಗಟ್ಟಿಯಾಗಿ ಕಂಡಿತು. ಅದನ್ನೇ ಹಿಡಿಯಬೇಕು, ಹಿಡಿದರೆ ಬಿಡಬಾರದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು, ಮೊರವನ್ನು ಒಂದೇ ಕೈಗೆ ಬದಲಾಯಿಸಿಕೊಂಡಳು.